ಬಿಸಿಲೇರಿದ ಬಂಡೆಯ ದನಿ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ, ಏಳನೇ ತರಗತಿಯ ಅರ್ಧಕ್ಕೆ. ದಡ್ಡನೆಂದು ಬಿಟ್ಟೆ ಅಂತ ಯಾರೂ ತಿಳಿಯಬಾರದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಆ ತರಗತಿಯಲ್ಲಿ ಯಾರೂ ಇರಲಿಲ್ಲ. ನಾನು ಶಾಲೆ ಬಿಟ್ಟದ್ದು ಒಬ್ಬ ಮನುಷ್ಯನ ಕಾರಣಕ್ಕೆ. ಮೊಳಕಾಲ್ಮುರು ಕಡೆಯ ನಮ್ಮ ಗುಡ್ಡದ ಕಲ್ಲಿನ ಕ್ವಾರಿ ಅವನ ಲೀಸಿನಲ್ಲಿತ್ತು. ಊರೆಲ್ಲ ಅವನನ್ನು ಸಾವ್ಕಾರ ಎನ್ನುತ್ತಿತ್ತು. ಅವನ ಹೆಸರು ಬರೆದು ಅವನಿಗೆ ಮರ್ಯಾದೆ ಕೊಡುವ ಮನಸ್ಸು ನನಗಿಲ್ಲ. ಸಾವ್ಕಾರ ಅಂದರೆ ಸಾಕು.

ನಮ್ಮ ಗುಡ್ಡದ ಕಲ್ಲು ತಿಳಿಗೆಂಪು. ಒಡೆದ ಮೈಮೇಲೆ ನೀರು ಚೆಲ್ಲಿದರೆ ಈಗಷ್ಟೇ ಕೊಯ್ದ ಮಾಂಸದ ಬಣ್ಣ ಬರುತ್ತದೆ. ಈ ಕಲ್ಲಿಗೆ ಬೆಲೆಯಿದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅವರು ಬಾಗಿಲ ಕಂಬಕ್ಕೆ, ಕುರಿ ನೀರು ಕುಡಿಯುವ ಬಾನಿಗೆ, ಸತ್ತವರ ತಲೆದೆಸೆಗೆ ನೆಡಲು ಬೇಕಾದಷ್ಟು ಮಾತ್ರ ಒಡೆಯುತ್ತಿದ್ದರು. ಬೆಲೆ ಗೊತ್ತಿದ್ದವನು ಕಾಗದ ಮಾಡಿಸಿಕೊಂಡು ಬಂದ. ಸಿದ್ದಾಪುರದ ಕಡೆ ಒಂದು ಬಂಡೆಯ ಮೇಲೆ ಹಳೇ ಕಾಲದ ರಾಜ ಬರೆಸಿದ ಅಕ್ಷರಗಳಿವೆ. ಆ ಬಂಡೆಗೆ ಸರ್ಕಾರ ಬೇಲಿ ಹಾಕಿ ಕಾವಲಿಟ್ಟಿದೆ. ಅಕ್ಷರ ಇಲ್ಲದ ಬಂಡೆಗಳು ಲಾರಿ ಹತ್ತಿದವು. ಓದು ಬರಹಕ್ಕೆ ಎಷ್ಟು ಬೆಲೆ ಎಂದು ನಾನು ತಿಳಿದದ್ದು ಹೀಗೆ.

ಅಪ್ಪ ಆ ಕ್ವಾರಿಯಲ್ಲಿ ಕಲ್ಲು ಕೇಳುವವನಾಗಿದ್ದ. ಹಾಗೆಂದರೇನು ಎಂದು ಹೇಳಬೇಕು. ಬಂಡೆಯ ಮೇಲ್ಮೈಯ ಬಿರುಕು ಯಾರ ಕಣ್ಣಿಗಾದರೂ ಕಾಣುತ್ತದೆ. ನೀರು ಸುರಿದರೆ ಉಳಿದ ಕಡೆ ಆರಿ ಬಿರುಕಿನ ಗೆರೆ ಮಾತ್ರ ತೇವವಾಗಿ ಉಳಿಯುತ್ತದೆ. ಒಳಗಿನ ಬಿರುಕು ಹಾಗಲ್ಲ, ಅದನ್ನು ಕಿವಿಯೇ ಹಿಡಿಯಬೇಕು. ಅಪ್ಪ ಎಡ ಅಂಗೈಯನ್ನು ಬಂಡೆಯ ಮೇಲೆ ಊರಿ, ಬಲಗೈಯ ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಪೆಟ್ಟು ಕೊಡುತ್ತ ಹೋಗುತ್ತಿದ್ದ. ಗಟ್ಟಿ ಕಲ್ಲಾದರೆ ಟಣ್ ಎನ್ನುತ್ತದೆ. ಒಳಗೆ ಒಡಕಿದ್ದರೆ ಹುಳುಕು ಕುಂಬಳಕಾಯಿ ತಟ್ಟಿದ ಹಾಗೆ ಮೊದ್ದು ದನಿ.

ಆದರೆ ಈ ಕೆಲಸಕ್ಕೆ ಹೊತ್ತು ಇದೆ. ಸೂರ್ಯ ಹುಟ್ಟುವ ಮುಂಚೆ, ಬಂಡೆ ರಾತ್ರಿಯೆಲ್ಲ ತಣಿದು ಕುಗ್ಗಿರುವಾಗ ಕೇಳಬೇಕು. ಆಗ ಬಿರುಕು ಬಾಯಿ ತೆರೆದಿರುತ್ತದೆ. ನಮ್ಮ ಸೀಮೆಯ ಬಿಸಿಲು ಎಂಥದ್ದೆಂದು ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆಲ್ಲ ಬಂಡೆ ಕಾದು ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲ ಮರ ಊದಿ ಸಂದು ಮುಚ್ಚಿಕೊಳ್ಳುವ ಹಾಗೆ ಒಳಗಿನ ಬಿರುಕು ಒತ್ತಿಕೊಂಡು ಮುಚ್ಚುತ್ತದೆ. ಆಗ ಹೊಡೆದರೆ ಎಂಥ ಒಡಕು ಬಂಡೆಯೂ ಟಣ್ ಎನ್ನುತ್ತದೆ.

ಆ ವರ್ಷ ಸಾವ್ಕಾರ ಒಂದು ದೊಡ್ಡ ಬಂಡೆಯ ಮೇಲೆ ಕಣ್ಣು ಹಾಕಿದ. ಅಪ್ಪ ಮೂರು ದಿನ ನಸುಕಿನಲ್ಲಿ ಹೋಗಿ ಕೇಳಿ ಬಂದಿದ್ದ. ಸಾವ್ಕಾರ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಬಿಸಿಲು ನೆತ್ತಿಗೆ ಬಂದ ಮೇಲೆ ಬಂದ. ಕ್ವಾರಿಯಲ್ಲೇ ದುಡಿಯುತ್ತಿದ್ದ ಅವ್ವನಿಗೆ ಬುತ್ತಿ ತಂದವನು ನಾನೂ ಅಲ್ಲೇ ಇದ್ದೆ.

"ಸಾವ್ಕಾರ್ರೇ, ಇದು ಬ್ಯಾಡ," ಅಂದ ಅಪ್ಪ. "ಹೊಟ್ಟೇಲಿ ಬಿರುಕೈತೆ. ಆ ಕಡೆ ಇನ್ನೊಂದೈತೆ, ಅದನ್ನ ಎಬ್ಬಿಸಾಣ."

ಸಾವ್ಕಾರ ಅಪ್ಪನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಾನೇ ಹೊಡೆದ. ಟಣ್ ಎಂದಿತು.

"ಏಮಯ್ಯಾ, ಗುಡಿ ಗಂಟೆ ಹಂಗೆ ಕೇಳ್ತೈತೆ. ಬಿರುಕಂತೆ ಬಿರುಕು!"

"ಈಗ ಹಂಗೇ ಕೇಳ್ತೈತ್ರಿ. ನಾಳೆ ಹೊತ್ತು ಮೂಡಾಕೆ ಮುಂಚೆ ಬರ್ರಿ, ನಿಮ್ ಕೈಲೇ ಹೊಡೆಸಿ ತೋರಿಸ್ತೀನಿ."

"ಕೋಳಿ ಕೂಗೋ ಹೊತ್ತಿಗೆ ಎದ್ದು ಬರಾಕೆ ನಾನೇನು ಹಾಲು ಮಾರೋನೇನಯ್ಯಾ?"

ಎಲ್ಲರೂ ನಕ್ಕರು. ಕೂಲಿ ಕೊಡುವವನು ನಗೆಯಾಡಿದರೆ ನಗಲೇಬೇಕು. ನಕ್ಕವರನ್ನು ನಾನು ದೂರುವುದಿಲ್ಲ.

ಬೆಣೆ ಹೊಡೆದು, ಹಾರೆ ಹಾಕಿ, ಹದಿನೈದು ದಿನ ಆ ಬಂಡೆಗೆ ದುಡಿದರು. ಎತ್ತುವಾಗ ಅಪ್ಪ ಹೇಳಿದ ಜಾಗದಲ್ಲೇ ಎರಡು ಹೋಳಾಯಿತು. ಸಾವ್ಕಾರ ಒಡೆದ ಮೈಮೇಲೆ ಕೈಯಾಡಿಸಿ ನೋಡಿದ. ತಪ್ಪು ಒಪ್ಪಿಕೊಂಡಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ನಿನ್ ಮಾತು ನಿಜ ಮಾಡಾಕೆ ಬೇಕಂತಲೇ ಬೆಣೆ ಅಡ್ಡ ಹೊಡೆದಿದೀಯಲ್ಲೋ," ಎಂದ ಅಪ್ಪನಿಗೆ. ಸುತ್ತಿಗೆ ಕಿತ್ತುಕೊಂಡು ಕೆಳಗಿನ ಗುಂಡಿಗೆ ಎಸೆದ. "ನಾಳೆಯಿಂದ ಹೆಂಗಸರ ಜೊತೆ ಕುಂತು ಜಲ್ಲಿ ಕುಟ್ಟು. ಜಲ್ಲಿಗೆ ಕಿವಿ ಬ್ಯಾಡ."

ಜಲ್ಲಿ ಕುಟ್ಟುವವರಲ್ಲಿ ನಮ್ಮವ್ವನೂ ಒಬ್ಬಳು. ಮರುದಿನ ಅಪ್ಪ ಹೋಗಿ ಆ ಸಾಲಿನ ಕೊನೆಯಲ್ಲಿ ನಿಂತ. ಅವ್ವ ತಲೆ ಎತ್ತದೆ ತನ್ನ ರಾಶಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಇತ್ಲಾಗ್ ಬಾ, ಇಲ್ಲಿ ಒಸಿ ನೆರಳೈತೆ" ಎಂದಳು. ಬಂಡೆಯ ಹೊಟ್ಟೆಯೊಳಗಿನದನ್ನು ಕೇಳುತ್ತಿದ್ದ ಮನುಷ್ಯ ಹೆಂಡತಿಯ ಪಕ್ಕ ಕೂತು ಮುಷ್ಟಿ ಗಾತ್ರದ ಕಲ್ಲನ್ನು ಗೋಲಿ ಗಾತ್ರ ಮಾಡತೊಡಗಿದ. ಕೂಲಿ ಅರ್ಧವಾಯಿತು. ಎಂಟು ದಿನಕ್ಕೆ ನಾನು ಪುಸ್ತಕದ ಚೀಲವನ್ನು ಮೊಳೆಗೆ ತೂಗುಹಾಕಿ, ಮೊಂಡಾದ ಉಳಿಗಳನ್ನು ಹೊತ್ತು ಕುಲುಮೆಗೆ ಒಯ್ಯುವ ಕೆಲಸಕ್ಕೆ ಸೇರಿದೆ. ಆಮೇಲೆ ಯಾವ ಕ್ವಾರಿಯವರೂ ಕಲ್ಲು ಕೇಳಲು ಅಪ್ಪನನ್ನು ಕರೆಯಲಿಲ್ಲ. 'ಅವನ ಕಿವಿ ಸುಳ್ಳು' ಎಂಬ ಮಾತು ಆಂಧ್ರದ ಗಡಿಯವರೆಗೂ ಹೋಗಿ ಮುಟ್ಟಿತ್ತು.

ಅಪ್ಪನಿಗೆ ಸಿಟ್ಟು ಬರಲಿಲ್ಲ. ನನಗೆ ಇವತ್ತಿಗೂ ಸಹಿಸಲಾಗದ್ದು ಇದು. "ಹೋಗ್ಲಿ ಬಿಡು, ಕಲ್ಲಿಗೆ ಗೊತ್ತೈತೆ" ಎನ್ನುತ್ತಿದ್ದ. ಕಲ್ಲಿಗೆ ಗೊತ್ತಿದ್ದರೆ ಬಂತೇನು? ಊರಿಗೆ ಗೊತ್ತಾಗಬೇಕಿತ್ತು, ಸಾವ್ಕಾರನ ಬಾಯಿಂದಲೇ ಗೊತ್ತಾಗಬೇಕಿತ್ತು. ನಮ್ಮ ಮನೆಯ ಹಿಂದೆ ಯಾರಿಗೂ ಬೇಡವಾದ ಬಂಡೆಗಳಿದ್ದವು. ಅಪ್ಪ ಮಬ್ಬುಗತ್ತಲಲ್ಲಿ ನನ್ನನ್ನು ಎಬ್ಬಿಸಿ ಅವುಗಳ ಮೇಲೆ ಕೈ ಇಡಿಸಿ, ಕೇಳುವುದನ್ನು ಕಲಿಸಿದ. ಐದು ವರ್ಷ ಕಲಿತೆ. ಅವನು ಕಲಿಸಿದ್ದು ಕಸುಬು. ನಾನು ಅದರ ಜೊತೆ ಹಗೆಯನ್ನೂ ಸೇರಿಸಿ ಕಲಿತೆ.

ಆಮೇಲೆ ಬೇರೆ ಬೇರೆ ಕ್ವಾರಿಗಳಲ್ಲಿ ದುಡಿದೆ. ಒಮ್ಮೆ ಕಲ್ಲಿನ ಲಾರಿಯ ಜೊತೆ ಚೆನ್ನೈ ಬಂದರಿಗೆ ಹೋಗಿದ್ದೆ. ಅಲ್ಲಿ ನೋಡಿದ್ದನ್ನು ಮರೆಯಲಾರೆ. ನಾಲ್ಕಾರು ಜಿಲ್ಲೆಗಳ ಗುಡ್ಡಗಳು ಚೌಕ ಚೌಕವಾಗಿ, ಮೈಮೇಲೆ ಬಣ್ಣದ ನಂಬರು ಬರೆಸಿಕೊಂಡು, ಸಂತೆಯ ಕುರಿಗಳ ಹಾಗೆ ಸಾಲಾಗಿ ನಿಂತಿದ್ದವು. ಚೀಟಿ ನೋಡುವ ಗುಮಾಸ್ತನಿಗೆ ತೆಲುಗು ಬರುತ್ತಿತ್ತು. ನನಗೂ ಬರುತ್ತದೆ, ನಮ್ಮ ಕಡೆ ಬೈಗುಳವನ್ನೆಲ್ಲ ಮೊದಲು ಕಲಿಯುವುದು ತೆಲುಗಿನಲ್ಲೇ. ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ದೂರದ ದೇಶಗಳಿಗೆ ಹೋಗುತ್ತದೆ, ಅಲ್ಲಿ ಹಲಗೆ ಹಲಗೆಯಾಗಿ ಕೊಯ್ದು ಹೊಳಪು ಕೊಡುತ್ತಾರೆ, ಕಲ್ಲಿನ ಬೆಲೆ ಇರುವುದು ಆ ಹೊಳಪಿನಲ್ಲಿ ಎಂದ. "ಬೆಟ್ಟ ಮಾರಿ ಹಲಗೆ ಕೊಳ್ಳುವವರು ನೀವೊಬ್ಬರೇ ಅಲ್ಲಪ್ಪಾ. ನಮ್ಮಂಥ ಬಡ ದೇಶಗಳದ್ದೆಲ್ಲ ಇದೇ ಕಥೆ. ಕೆಲವರು ಅದಿರು ಕೊಡ್ತಾರೆ, ಕೆಲವರು ಎಣ್ಣೆ ಕೊಡ್ತಾರೆ, ನೀವು ಕಲ್ಲು ಕೊಡ್ತೀರಿ," ಎಂದು ಚೀಟಿಗೆ ಮುದ್ರೆ ಒತ್ತಿದ.

ಏಳನೇ ತರಗತಿ ಮುಗಿಸದವನಿಗೂ ಆ ಲೆಕ್ಕ ಅರ್ಥವಾಯಿತು. ನಮ್ಮೂರಿಗೆ ಆ ಗುಡ್ಡ ಇಷ್ಟು ವರ್ಷ ಕೊಟ್ಟದ್ದೇನು? ಕೂಲಿ, ಧೂಳು, ಹಸಿರು ನೀರು ನಿಂತ ಒಂದು ಗುಂಡಿ, ಎರಡು ಹೋಟೆಲು. ಕಡಲಾಚೆ ಮನೆ ಕಟ್ಟುವುದು ನಿಂತರೆ ನಮ್ಮೂರ ಹೋಟೆಲಿನಲ್ಲಿ ಇಡ್ಲಿ ಬೇಯುವುದು ನಿಲ್ಲುತ್ತಿತ್ತು. ಯಾಕೆ ನಿಂತಿತೆಂದು ಯಾರೂ ಹೇಳುತ್ತಿರಲಿಲ್ಲ, ಹೇಳುವಷ್ಟು ಯಾರಿಗೂ ಗೊತ್ತೂ ಇರಲಿಲ್ಲ. ಈಗ ಅದೇ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿಯನ್ನೂ ತಂತಿಯಲ್ಲಿ ಕಟ್ಟಿ ಒಯ್ಯುತ್ತಾರೆ. ನಮಗೆ ಉಳಿಯುವುದು ಅದರ ನೆರಳು, ಅದೂ ಒಂದು ಕಡೆ ನಿಲ್ಲುವುದಿಲ್ಲ.

ಚೆನ್ನೈಯಿಂದ ಬಂದವನೇ ತೀರ್ಮಾನ ಮಾಡಿದೆ: ಕಲ್ಲು ಕೊಯ್ದು ಹೊಳಪು ಕೊಡುವ ಯಂತ್ರ ನನ್ನದಾಗಬೇಕು. ಹನ್ನೆರಡು ವರ್ಷ ಹೆಂಡತಿ ಮಕ್ಕಳಿಗೆ ಹಬ್ಬದ ಬಟ್ಟೆ ತರದೆ, ನಾನು ಒಂದು ಬೀಡಿ ಸೇದದೆ, ಚಳ್ಳಕೆರೆಯ ರಸ್ತೆ ಪಕ್ಕದಲ್ಲಿ ಒಂದು ಯಾರ್ಡ್ ಹಾಕಿದೆ. ಅಪ್ಪ ಅವ್ವನನ್ನೂ ಕರೆದುಕೊಂಡು ಬಂದೆ. ಜೊತೆಗೆ ಕಲ್ಲು ಕೇಳಲು ಕರೆ ಬಂದಲ್ಲಿಗೆ ಹೋಗುತ್ತಿದ್ದೆ. ಹೋದಲ್ಲೆಲ್ಲ ಬೆಳಗಿನ ಜಾವವೇ ಕೇಳುತ್ತಿದ್ದೆ, ಯಾಕೆಂದು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ನನ್ನ ಮಾತಿನ ಮೇಲೆ ಬಂಡೆ ಕೊಳ್ಳುವವರು ಇದ್ದರು. ಅಪ್ಪ ಕಳೆದುಕೊಂಡ ಹೆಸರನ್ನು ನಾನು ಗಳಿಸಿದ್ದೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಸಾವ್ಕಾರ ನನ್ನ ಯಾರ್ಡಿಗೆ ಬಂದ. ಕಾರಿನ ಬಾಗಿಲು ಹಿಡಿದು ಇಳಿದ, ಮುದುಕನಾಗಿದ್ದ.

"ಏನಪ್ಪಾ, ದೊಡ್ಡ ಮೇಸ್ತ್ರಿ ಆಗಿಬಿಟ್ಟಿದೀಯಾ!"

"ಕೂತ್ಕೊಳ್ರಿ ಸಾವ್ಕಾರ್ರೇ. ಟೀ ತರಿಸ್ತೀನಿ."

"ಟೀ ಬ್ಯಾಡ, ಶುಗರ್ರು. ನನಗೆ ನಿನ್ ಕಿವಿ ಬೇಕು."

ಹಲಗೆ ಕೊಯ್ಯುವ ದೊಡ್ಡ ಕಾರ್ಖಾನೆಯವರು ನಮ್ಮ ಗುಡ್ಡದಿಂದ ಒಂದೇ ಒಂದು ಭಾರಿ ಬಂಡೆ ಕೇಳಿದ್ದರಂತೆ. ನಾನು ಕೇಳಿ ಒಪ್ಪಿದರೆ ಮಾತ್ರ ಕೊಳ್ಳುತ್ತೇವೆ ಎಂದಿದ್ದರಂತೆ. "ಇದೊಂದು ಹೋದ್ರೆ ಲೀಸು ಮುಂದುವರಿಸ್ತೀನಿ. ಇಲ್ಲಾಂದ್ರೆ ಕ್ವಾರಿ ಮುಚ್ಚೋದೇ. ನಾಳೆ ಮಧ್ಯಾಹ್ನ ಅವರ ಮನುಷ್ಯ ಬರ್ತಾನೆ, ಆಗ ಬಾ," ಎಂದ. ಎದ್ದು ಹೊರಡುವಾಗ, ಮರ್ಯಾದೆಗೆ ಎಂಬಂತೆ ಕೇಳಿದ:

"ನಿಮ್ಮಪ್ಪ ಹೆಂಗವ್ನೆ? ನಮ್ ಕ್ವಾರೀಲಿ ಜಲ್ಲಿ ಕುಟ್ತಿದ್ನಲ್ಲ, ಪಾಪ."

ಜಲ್ಲಿ ಕುಟ್ಟುತ್ತಿದ್ದವನು ಎಂದು ನೆನಪಿಟ್ಟುಕೊಂಡಿದ್ದ! ಅದಕ್ಕೆ ಮುಂಚಿನ ಇಪ್ಪತ್ತು ವರ್ಷ ಅವನ ಬಾಯಿಗೆ ಬರಲೇ ಇಲ್ಲ. ನಾನು "ಚೆನ್ನಾಗವ್ನೆ" ಎಂದೆ.

ಮರುದಿನ ನಸುಕಿಗೇ ಬೈಕು ತೆಗೆದು ಗುಡ್ಡಕ್ಕೆ ಹೋದೆ. ಯಾರೂ ಬಂದಿರಲಿಲ್ಲ. ಬಂಡೆ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಎಡಗೈ ಇಟ್ಟು ಗೇಣಿಗೊಂದು ಪೆಟ್ಟು ಕೊಡುತ್ತ ಹೋದೆ. ಟಣ್, ಟಣ್, ಟಣ್. ನಡುವಿಗೆ ಬಂದಾಗ ಮೊದ್ದು ದನಿ. ಆಚೆಯಿಂದ ಈಚೆಗೆ ಹೊಡೆಯುತ್ತ ಬಂದೆ. ಮತ್ತೆ ಅದೇ ಜಾಗ, ಅದೇ ದನಿ. ನಿಜ ಹೇಳುತ್ತೇನೆ, ನನಗೆ ಸಂತೋಷದಿಂದ ನಗು ಬಂತು. ಮೊಳಕಾಲ್ಮುರಿಗೆ ಹೋಗಿ ಹೊಟ್ಟೆ ತುಂಬ ಮಂಡಕ್ಕಿ ಮೆಣಸಿನಕಾಯಿ ತಿಂದು, ಹೇಳಿದ ಹೊತ್ತಿಗೆ ಸರಿಯಾಗಿ ಮಧ್ಯಾಹ್ನ ವಾಪಸ್ಸು ಬಂದೆ.

ಸಾವ್ಕಾರ ಕೊಡೆ ಹಿಡಿಸಿಕೊಂಡು ನಿಂತಿದ್ದ. ಕಾರ್ಖಾನೆಯ ಮನುಷ್ಯ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ನಾನು ಒಂದು ಅವಕಾಶ ಕೊಟ್ಟೆ. ಆಣೆಯಿಟ್ಟು ಹೇಳುತ್ತೇನೆ, ಕೊಟ್ಟೆ.

"ಸಾವ್ಕಾರ್ರೇ, ನಾಳೆ ಹೊತ್ತು ಮೂಡಾಕೆ ಮುಂಚೆ ಬಂದು ಕೇಳಿದ್ರೆ ಆಗಲ್ವಾ?"

"ಥೂ, ನಿಮ್ಮಪ್ಪನ ಚಾಳಿ ನಿನಗೂ ಬಂತೇನೋ? ಇವರು ಬಳ್ಳಾರಿಗೆ ಹೋಗ್ಬೇಕು. ಈಗ ಹೊಡೆದು ಹೇಳು."

ಹೊಡೆದೆ. ಈ ತುದಿಯಿಂದ ಆ ತುದಿಗೆ, ಒಂದೂ ಗೇಣು ಬಿಡದೆ. ಕಾದ ಬಂಡೆ ಉದ್ದಕ್ಕೂ ಟಣ್ ಎಂದಿತು.

"ಹೆಂಗೈತೆ?"

"ಗಂಟೆ ಹಂಗೆ ಕೇಳ್ತೈತ್ರಿ."

"ತಗೊಳ್ಳಬಹುದಾ?" ಎಂದ ಕಾರ್ಖಾನೆಯವನು.

"ಈ ಹೊತ್ತಿನಾಗೆ ನನ್ ಕಿವಿಗೆ ಬಿದ್ದಿದ್ದು ಹೇಳಿದೀನ್ರಿ," ಎಂದೆ.

ಸುಳ್ಳು ಒಂದಕ್ಷರ ಹೇಳಲಿಲ್ಲ. ನಾನು ಆಡಿದ ಮಾತು ಇಷ್ಟೇ. ಸಾವ್ಕಾರ ನನ್ನ ಬೆನ್ನು ತಟ್ಟಿ, "ನಿಮ್ಮಪ್ಪನಿಗಿಂತ ನೀನು ವಾಸಿ" ಎಂದ. ಆ ಕೈ ಬಿದ್ದ ಜಾಗವನ್ನು ಮನೆಗೆ ಬಂದು ಉಜ್ಜಿ ತೊಳೆದೆ.

ಒಂದು ತಿಂಗಳು ಕಲ್ಲು ಕೊಯ್ಯುವ ತಂತಿಯ ಯಂತ್ರ ಹಾಕಿ ಬಂಡೆಯನ್ನು ಕೊಯ್ದರು. ಸಾವ್ಕಾರ ದೊಡ್ಡ ಕ್ರೇನು ತರಿಸಿದ, ಅದು ಬರಲೆಂದೇ ರಸ್ತೆ ಮಾಡಿಸಿದ. ಎತ್ತುವ ದಿನ ಹತ್ತಿರ ಬಂದ ಹಾಗೆ ದಿನಾ ಗುಡ್ಡದ ಸುದ್ದಿ ವಿಚಾರಿಸತೊಡಗಿದೆ. ಸಾವ್ಕಾರನ ಚಿಂತೆ ಅಲ್ಲ. ನನ್ನ ಹೆಂಡತಿಯ ತಮ್ಮ ಆ ಕ್ವಾರಿಯಲ್ಲೇ ಕೆಲಸಕ್ಕಿದ್ದ. ಒಡೆದ ಬಂಡೆ ಯಾರ ಮೇಲೆ ಬೀಳಲಿ ಎಂದು ಕೇಳಿಕೊಂಡು ಬೀಳುವುದಿಲ್ಲ. ಆ ದಿನ ಬೆಳಿಗ್ಗೆ ತಡೆಯಲಾಗದೆ ಗುಡ್ಡಕ್ಕೆ ಹೋದೆ. ಕಬ್ಬಿಣದ ಹಗ್ಗ ಬಿಗಿಯುತ್ತಿದ್ದರು. ಬಾಮೈದ ಬಂಡೆಯ ಬುಡದಲ್ಲೇ ನಿಂತಿದ್ದ.

"ಲೇ, ಈಚೆಗ್ ಬಾರೋ!" ಎಂದು ಕೂಗಿದೆ. "ಎಲ್ಲರೂ ದೂರ ಹೋಗ್ರೋ, ಯಾರೂ ಹತ್ರ ನಿಲ್ಬ್ಯಾಡ್ರಿ!"

"ಯಾಕ್ ಬಾವ? ನೀನೇ ಗಟ್ಟಿ ಅಂದಿದ್ಯಲ್ಲ?"

"ಮೊದ್ಲು ಈಚೆಗ್ ಬಾ, ಆಮೇಲೆ ಕೇಳು."

ಕೈ ಹಿಡಿದು ಎಳೆದೆ. ಉಳಿದವರೂ ಸರಿದರು. ಬಂಡೆ ನೆಲ ಬಿಟ್ಟು ಮೊಳದಷ್ಟು ಮೇಲೆದ್ದಿತ್ತು. ನಡುವಿಗೆ ಒಂದು ಸಣ್ಣ ಸದ್ದಾಯಿತು, ಒಣಗಿದ ಕಾಯಿ ಬಿರಿದ ಹಾಗೆ. ಎರಡು ಹೋಳಾಗಿ ಕೆಳಗೆ ಬಿತ್ತು. ಧೂಳು ಇಳಿದ ಮೇಲೆ ಒಬ್ಬೊಬ್ಬರನ್ನೇ ನೋಡಿದೆ. ಒಬ್ಬನಿಗೂ ಒಂದು ಗಾಯವೂ ಆಗಿರಲಿಲ್ಲ.

ಸಾವ್ಕಾರ ನನ್ನ ಹತ್ತಿರ ಬಂದ. ಅವನೇನು ದಡ್ಡನಲ್ಲ.

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು," ಎಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಆವತ್ತು ನಮ್ಮಪ್ಪನಿಗೂ ಗೊತ್ತಿತ್ತು. ಅವನು ಬಾಯ್ಬಿಟ್ಟು ಹೇಳಿದ, ನೀವು ಜಲ್ಲಿ ಕುಟ್ಟಾಕೆ ಹಾಕಿದ್ರಿ. ಅದಕ್ಕೇ ನಾನು ಹೇಳಲಿಲ್ಲ. ಬೆಣೆ ಅಡ್ಡ ಹೊಡೆದಿದ್ದು ಅಂತೀರಾ ಈಗ? ಹೇಳ್ರಿ, ಯಂತ್ರ ಕೊಯ್ದಿರೋ ಬಂಡೆ. ಬೆಣೆ ಎಲ್ಲೈತೆ ತೋರಿಸ್ರಿ!"

ಅವನು ಮುಖ ತಿರುಗಿಸಿ ಕಾರಿನ ಕಡೆ ನಡೆದ. ಆವತ್ತು ನಕ್ಕಿದ್ದವರಲ್ಲಿ ಇಬ್ಬರು ಮುದುಕರು ಅಲ್ಲೇ ಇದ್ದರು. ಅವರಲ್ಲೊಬ್ಬ ಟವಲ್ಲಿನಿಂದ ಮುಖ ಒರೆಸಿಕೊಂಡು, "ಅಂದ್ರೆ ಆಯಪ್ಪ ಹೇಳಿದ್ದೇ ಖರೇವು ಅನ್ನು" ಎಂದ. ಇಪ್ಪತ್ತೆಂಟು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ಜೀವಮಾನದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ, ಕುಡಿದಿಲ್ಲ.

ಆ ರುಚಿಯನ್ನು ಬಾಯಲ್ಲಿ ಇಟ್ಟುಕೊಂಡೇ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಜಗುಲಿಯ ಮೇಲೆ ಕೂತಿದ್ದ. ಪೂರ್ತಿ ಕೇಳಿದ. ಮುಖದಲ್ಲಿ ನಗು ಬರಲೆಂದು ನಾನು ಕಾದೆ.

"ಬೆಳಿಗ್ಗೆ ಕಲ್ಲು ನಿನಗೆ ನಿಜ ಹೇಳ್ತಾ?" ಎಂದು ಕೇಳಿದ.

"ಹೇಳ್ತು."

"ಅದನ್ನ ನುಂಗಿಕೊಂಡು ಮಧ್ಯಾಹ್ನ ಹೋಗಿ ಅದೇ ಕಲ್ಲಿನ ಬಾಯಾಗೆ ಸುಳ್ಳು ಹೇಳಿಸ್ದೆ. ಆವತ್ತು ನಾನು ಹೇಳ್ದೆ, ಅವನು ಕೇಳ್ಲಿಲ್ಲ. ಅದು ಅವನ ಪಾಪ. ಇದು ಯಾರದು?"

"ನಿನಗೋಸ್ಕರನೇ ಮಾಡಿದ್ದಪ್ಪಾ."

"ನಾನು ಕೇಳಿದ್ನಾ?" ಎಂದವನು ಎದ್ದು ಒಳಗೆ ಹೋದ. ಅವ್ವ ತಟ್ಟೆ ಇಟ್ಟಳು. ಅವನು ಗೋಡೆ ಕಡೆ ತಿರುಗಿ ಕೂತು ಉಂಡ. ಅಂದಿನಿಂದ ಸೊಸೆಯ ಮಾತು, ಮೊಮ್ಮಕ್ಕಳ ಮಾತು ಎಲ್ಲ ಅವನಿಗೆ ಬೇಕು. ನನ್ನದು ಬೇಡ.

ಅಪ್ಪ ಹೇಳಿದ್ದು ತಪ್ಪು ಎಂದು ಸಾಧಿಸಲು ನನಗೆ ಬರುವುದಿಲ್ಲ. ಆದರೂ ಬರೆಯುತ್ತೇನೆ: ಇನ್ನೊಮ್ಮೆ ಆ ಮಧ್ಯಾಹ್ನ ಬಂದರೆ ನಾನು ಅದೇ ಮಾತು ಹೇಳುತ್ತೇನೆ. ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ಜಲ್ಲಿ ಕುಟ್ಟಿದವನು ಕ್ಷಮಿಸಬಹುದು, ಅದು ಅವನ ಹಕ್ಕು. ಜಲ್ಲಿ ಕುಟ್ಟುವುದನ್ನು ಕಂಡ ಮಗನಿಗೆ ಆ ಹಕ್ಕು ಇಲ್ಲ ಎಂದೇ ನನ್ನ ನಂಬಿಕೆ.

ಕ್ವಾರಿ ಮುಚ್ಚಿತು. ಕಾರ್ಖಾನೆಯವರು ಬೇರೆ ಜಿಲ್ಲೆಗೆ, ಬೇರೆ ಬಣ್ಣದ ಕಲ್ಲಿಗೆ ಹೋದರು. ಅವರಿಗೆ ಗುಡ್ಡಗಳಿಗೆ ಬರವಿಲ್ಲ. ಸಾವ್ಕಾರ ಯಂತ್ರಗಳನ್ನೆಲ್ಲ ಮಾರಿ, ಈಗ ಮನೆ ಬಿಟ್ಟು ಹೊರಗೆ ಬರುವುದಿಲ್ಲವಂತೆ. ಒಳ್ಳೆಯದಾಯಿತು. ಕೂಲಿ ಹೋದವರು ನನ್ನ ಬಾಗಿಲಿಗೆ ಬಂದು ಬೈದರು. "ನಿಮ್ ಜಗಳಕ್ಕೆ ನಮ್ ಹೊಟ್ಟೆ ಯಾಕ್ ಹೊಡೆದ್ಯೋ?" ಎಂದ ಒಬ್ಬ. ಅವರಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಕೆಲಸ. ಆ ಒಡೆದ ಹೋಳುಗಳು, ಹಳೇ ಒಡಕು ಬಂಡೆಗಳು, ಕಡಲಾಚೆಯವರಿಗೆ ಕಸ. ಕಸದ ಬೆಲೆಗೇ ಕೊಂಡು ತಂದೆ. ಅವರಲ್ಲಿ ಬಂದಷ್ಟು ಜನರನ್ನು ಕೂರಿಸಿಕೊಂಡು ಅದರಲ್ಲೇ ಹೊಸ್ತಿಲು, ಅಡುಗೆಮನೆಯ ಕಟ್ಟೆ, ಕುರಿಗಳ ಬಾನಿ ಮಾಡಿಸಿದೆ. ಉಳ್ಳಾರ್ತಿ ಕಾವಲಿನ ಸುತ್ತಿನವರು, ಗೌರಸಮುದ್ರದ ಕಡೆಯವರು ಬಂದು ಒಯ್ಯುತ್ತಾರೆ. ಇಡಿಯಾಗಿದ್ದರಷ್ಟೇ ಬೆಲೆ ಎಂದು ಆ ಬಂಡೆಗೆ ಕಾಗದ ಬರೆದವರು ಒಬ್ಬರೂ ಈ ಊರಿನವರಲ್ಲ. ನಮ್ಮ ಜನರಿಗೆ ಹೋಳೂ ಬೇಕು, ಚೂರೂ ಬೇಕು.

ಕಲ್ಲು ಕೇಳಲು ನನ್ನನ್ನು ಈಗ ಯಾರೂ ಕರೆಯುವುದಿಲ್ಲ. ಮಾತು ಹರಡಿದೆ. ಹಗೆಗೆ ಬೆಲೆ ಕೊಟ್ಟಿದ್ದೇನೆ, ನನ್ನ ಗಂಟಿನಿಂದಲೇ ಕೊಟ್ಟದ್ದು, ಕಡ ತಂದು ಕೊಟ್ಟದ್ದಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ರಸ್ತೆ ಪಕ್ಕದ ಅರ್ಧ ಎಕರೆ ಯಾರ್ಡ್. ಕೊಯ್ಯುವ ಯಂತ್ರ ಒಂದು, ಹೊಳಪು ಕೊಡುವ ಯಂತ್ರ ಒಂದು. ಬಾಮೈದನೂ ಸೇರಿ ಕೆಲಸದವರು ಏಳು ಜನ. ಸುತ್ತಿಗೆ ಒಂಬತ್ತು, ಉಳಿ ಮೂವತ್ತು ಚಿಲ್ಲರೆ. ಮಾರದೆ ಉಳಿದ ಬಾನಿ ನಾಲ್ಕು. ಹೆಂಡತಿ, ಶಾಲೆಗೆ ಹೋಗುವ ಹೆಣ್ಣುಮಕ್ಕಳು ಇಬ್ಬರು, ಅವ್ವ. ಕಿವಿ ಒಂದು, ಡ್ರಿಲ್ಲಿನ ಸದ್ದಿಗೆ ಎಡಗಡೆಯದು ಹೋಗಿದೆ. ನನ್ನ ಜೊತೆ ಮಾತಾಡದ ಅಪ್ಪ ಒಬ್ಬ.